ಬೆರಳು ಒಂದು ಕಡೆ, ಬಾಯಿ ಒಂದು ಕಡೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಭಾಗದ ಶಿಕ್ಷಕರು ಪತ್ರಿಕೆಯ ಜಿಲ್ಲಾವಾರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ. ನಮ್ಮ ಜಿಲ್ಲೆಗಳ ಹೆಸರು ಬೇಗ ಸಿಗಲು ಅದೇ ಹತ್ತಿರದ ದಾರಿ. 2024ರಲ್ಲಿ ಶೇ 50.59ರೊಂದಿಗೆ ಯಾದಗಿರಿ ಕೊನೆಯ ಸಾಲಿನಲ್ಲಿತ್ತು. ಮರುವರ್ಷ ಆ ಸಾಲು ಕಲಬುರಗಿಯ ಪಾಲಾಯಿತು, ಶೇ 42.43. ಮೇಲ್ತುದಿಯಲ್ಲಿ ಎಂದಿನಂತೆ ಉಡುಪಿ, ದಕ್ಷಿಣ ಕನ್ನಡ. ಎರಡು ದಿನ ಟೀವಿಯಲ್ಲಿ ಚರ್ಚೆ, ಮೂರನೇ ದಿನ ಸಭೆ, ಆಮೇಲೆ ಒಂದು ಸುತ್ತೋಲೆ. ಶಿಕ್ಷಕರ ಕೊಠಡಿಯಲ್ಲಿ ಮಾತ್ರ ಕಾರಣಕ್ಕಾಗಿ ಯಾರೂ ತಡಕಾಡುವುದಿಲ್ಲ. ಚಹಾ ಬರುವ ಮೊದಲೇ ಯಾರಾದರೂ ಹೇಳಿಬಿಡುತ್ತಾರೆ: "ನಮ್ಮಲ್ಲಿ ಪಾಲಕರು ಓದಿಲ್ಲ ನೋಡಿ."

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುವವನು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ಕೋಣೆ ನನ್ನದು. ಹತ್ತನೆಯ ಫಲಿತಾಂಶಕ್ಕೂ ನನಗೂ ಸಂಬಂಧವಿಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ ಹತ್ತರಲ್ಲಿ ನಪಾಸಾದ ಹುಡುಗನ ಕತೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಅದು ಬಹಳ ಸಲ ಬಂದು ನಿಲ್ಲುವುದು ಇಂಥದೇ ಕೋಣೆಯಲ್ಲಿ, ಕಾಗುಣಿತ ಮುಗಿದು ಒತ್ತಕ್ಷರ ಶುರುವಾಗುವ ಜಾಗದಲ್ಲಿ. ಅಲ್ಲಿ ತಪ್ಪಿದ ಮಗು ನಾಲ್ಕನೇ ತರಗತಿಗೆ ಹೋಗುತ್ತದೆ, ಐದಕ್ಕೆ ಹೋಗುತ್ತದೆ, ಹಾಜರಿಯೂ ಸಿಗುತ್ತದೆ, ಬಿಸಿಯೂಟವೂ ಸಿಗುತ್ತದೆ. ಪಾಠ ಮಾತ್ರ ಸಿಗುವುದಿಲ್ಲ. ಕನ್ನಡ ಓದಲು ಬಾರದ ಮಗುವಿಗೆ ಪರಿಸರ ಅಧ್ಯಯನವೂ ಇಲ್ಲ, ವಾಕ್ಯದಲ್ಲಿ ಬರೆದ ಲೆಕ್ಕವೂ ಇಲ್ಲ.

ಪಾಲಕರು ಓದಿಲ್ಲ ಎಂಬ ಮಾತು ಸುಳ್ಳೇನಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿತ್ತು. ಬೀದರ್ 70ರ ಮೇಲಿತ್ತು, ಕಲಬುರಗಿ 65ರ ಹತ್ತಿರ, ಯಾದಗಿರಿ 52ರ ಆಸುಪಾಸು. ನಮ್ಮ ಜಿಲ್ಲೆಯ ಹೆಂಗಸರನ್ನಷ್ಟೇ ಲೆಕ್ಕ ಹಾಕಿದರೆ ನೂರಕ್ಕೆ 41 ಮಂದಿ. ರಾಜ್ಯದಲ್ಲಿ ಇದಕ್ಕಿಂತ ಕೆಳಗೆ ಇನ್ನೊಂದು ಜಿಲ್ಲೆ ಇರಲಿಲ್ಲ. ಏಳು ವರ್ಷ ದಾಟಿದ ಎಲ್ಲರನ್ನೂ ಹಿಡಿದ ಲೆಕ್ಕ ಅದು, ಆದ್ದರಿಂದ ಅದರಲ್ಲಿ ಶಾಲೆಯ ಮುಖ ನೋಡದ ಅಜ್ಜಿಯರೂ ಸೇರಿದ್ದರು. ಆಗ ಹತ್ತು ಹನ್ನೆರಡರ ವಯಸ್ಸಿನಲ್ಲಿದ್ದ ಹುಡುಗಿಯರು ಇಂದು ನನ್ನ ಕೋಣೆಯ ಮಕ್ಕಳ ತಾಯಂದಿರು. ಅವರಲ್ಲಿ ಐದಕ್ಕೋ ಏಳಕ್ಕೋ ಶಾಲೆ ಬಿಟ್ಟವರು ಬಹಳ, ಒಂದು ದಿನವೂ ಬಾರದವರು ಈಗ ಕಡಿಮೆ. ಇಡೀ ದೇಶದ ಹಳ್ಳಿಗಳ ಚಿತ್ರವೂ ಇದೇ ದಿಕ್ಕಿನದು. ಪ್ರಥಮ್ ಸಂಸ್ಥೆಯ ಅಸರ್ ವರದಿಯ ಪ್ರಕಾರ ಶಾಲೆಯ ಮೆಟ್ಟಿಲು ಹತ್ತದ ತಾಯಂದಿರು 2016ರಲ್ಲಿ ನೂರಕ್ಕೆ 46ಕ್ಕಿಂತ ಹೆಚ್ಚಿದ್ದರು, 2024ರಲ್ಲಿ 30ಕ್ಕಿಂತ ಕಡಿಮೆ.

ಇದರ ಹಿಂದೆ ಒಂದು ಇತಿಹಾಸವಿದೆ, ಅದನ್ನು ಮಂಗಳೂರಿನ ಕಡೆಯ ಗೆಳೆಯರಿಗೆ ಪ್ರತಿ ಸಲ ಹೇಳಬೇಕಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳ ನೆಲ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ಓದಿನ ಭಾಷೆಯೂ ಉರ್ದು. ಕಲಬುರಗಿಯ ನೂತನ ವಿದ್ಯಾಲಯ 1907ರಷ್ಟು ಹಿಂದೆಯೇ ಹುಟ್ಟಿದ್ದು ದೊಡ್ಡ ಸಂಗತಿ, ಆದರೆ ಅಂಥವು ಬೆರಳೆಣಿಕೆ. ಹಳ್ಳಿಯಲ್ಲಿ ಓದು ಬರಹ ಎಂದರೆ ಕುಲಕರ್ಣಿಯವರ ಮನೆಯ ಪಡಸಾಲೆ. ಉಳಿದವರಿಗೆ ಕಾಗದ ಎಂದರೆ ಹೆಬ್ಬೆಟ್ಟು ಒತ್ತುವ ಜಾಗ. 1956ರಲ್ಲಿ ರಾಜ್ಯ ಒಂದಾದಾಗ ಕರಾವಳಿಯ, ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗಿ ಬಂದ ಅಜ್ಜಂದಿರಿದ್ದರು. ನಮ್ಮಲ್ಲಿ ಬಹುಪಾಲು ಮನೆಗಳು ಆಗಿನ್ನೂ ಮೊದಲ ಅಕ್ಷರಕ್ಕೆ ಕಾಯುತ್ತಿದ್ದವು. ಈಗ ಸಂವಿಧಾನದ 371(ಜೆ) ವಿಧಿ ಬಂದು ಸೀಟಿನಲ್ಲಿ, ನೌಕರಿಯಲ್ಲಿ ನಮ್ಮವರಿಗೆ ಪಾಲು ಸಿಕ್ಕಿದೆ. ಒಳ್ಳೆಯದೇ ಆಯಿತು. ಆದರೆ ಆ ಪಾಲಿನವರೆಗೆ ತಲುಪಲು ಮೊದಲು ಒತ್ತಕ್ಷರ ದಾಟಬೇಕು.

ಇಷ್ಟು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ನಮ್ಮ ಕೊಠಡಿಯಲ್ಲಿ ಯಾರೂ ಕೇಳುವುದಿಲ್ಲ. ಓದಿದ ತಾಯಿ ಮನೆಯಲ್ಲಿ ನಿಜವಾಗಿ ಏನು ಮಾಡುತ್ತಾಳೆ? ಪಾಠ ಹೇಳಿಕೊಡುತ್ತಾಳೆ ಎಂಬುದು ಸಿದ್ಧ ಉತ್ತರ. ನಾನು ಕಂಡ ಮಟ್ಟಿಗೆ ಅದು ಅವಳು ಮಾಡುವ ಕೆಲಸಗಳಲ್ಲಿ ತೀರಾ ಸಣ್ಣದು. ನಮ್ಮ ಊರಿನಲ್ಲಿ ಪಿಯುಸಿ ಓದಿದ ತಾಯಂದಿರೂ ಹೊಲಕ್ಕೆ ಹೋಗುತ್ತಾರೆ, ರೊಟ್ಟಿ ಬಡಿಯುತ್ತಾರೆ, ಎಮ್ಮೆ ಕಟ್ಟುತ್ತಾರೆ. ಸಂಜೆ ಕೂತು ಪಾಠ ಹೇಳುವ ಪುರಸೊತ್ತು ಅವರಿಗೂ ಇಲ್ಲ. ಆದರೂ ಅವರ ಮಕ್ಕಳು ಸ್ವಲ್ಪ ಮುಂದೆ ಇರುತ್ತಾರೆ. ಯಾಕೆಂದರೆ ಆ ತಾಯಿಗೆ ಒಲೆಯ ಮುಂದೆ ಕೂತಲ್ಲಿಂದಲೇ ಗೊತ್ತಾಗುತ್ತದೆ: ಹುಡುಗ ಓದುತ್ತಿದ್ದಾನೋ, ಓದಿದಂತೆ ಮಾಡುತ್ತಿದ್ದಾನೋ. "ಏಯ್, ಆ ಸಾಲು ಬಿಟ್ಟೆಯಲ್ಲ" ಎಂದು ರೊಟ್ಟಿ ತಿರುವಿ ಹಾಕುತ್ತಲೇ ಹೇಳುತ್ತಾಳೆ. ಅಷ್ಟು ಸಾಕು. ಮಗುವಿಗೆ ಯಾಮಾರಿಸುವ ದಾರಿ ಮುಚ್ಚಿತು.

ಎರಡನೆಯದು, ಅವಳು ಶಾಲೆಗೆ ಬಂದು ನನ್ನನ್ನು ಕೇಳುತ್ತಾಳೆ. "ಗುರುಗಳೇ, ಇವನಿಗೆ ಎರವಲು ತೆಗೆದು ಕಳೆಯುವ ಲೆಕ್ಕ ಬರುತ್ತಿಲ್ಲ, ಏನು ಮಾಡಲಿ?" ಈ ಒಂದು ವಾಕ್ಯದ ಬೆಲೆ ಬಹಳ. ಕೇಳಿದ ಮರುದಿನ ಯಾವ ಶಿಕ್ಷಕನಾದರೂ ಆ ಹುಡುಗನನ್ನು ಹಲಗೆಯ ಹತ್ತಿರ ಕರೆಯುತ್ತಾನೆ. ಕಣ್ಣು ತಾನಾಗಿಯೇ ಅತ್ತ ಹೋಗುತ್ತದೆ. ಓದದ ತಾಯಿ ಬಂದರೆ ಗೇಟಿನ ಹತ್ತಿರ ನಿಲ್ಲುತ್ತಾಳೆ. ಸೆರಗು ಸರಿಮಾಡಿಕೊಂಡು "ಹೇಗೆ ಓದುತ್ತಾಳೆ ಗುರುಗಳೇ?" ಎಂದು ಕೇಳುತ್ತಾಳೆ. "ಚೆನ್ನಾಗಿ ಓದುತ್ತಾಳೆ, ದಿನಾ ಕಳಿಸು ತಂಗಿ" ಎಂದು ನಾವು ಹೇಳುತ್ತೇವೆ. ಅವಳು ಸಂತೋಷದಿಂದ ಹೋಗುತ್ತಾಳೆ. ಇಬ್ಬರ ಕಾಳಜಿಯೂ ಒಂದೇ. ಒಬ್ಬಳ ಪ್ರಶ್ನೆಗೆ ಹಿಡಿ ಇದೆ, ಇನ್ನೊಬ್ಬಳ ಪ್ರಶ್ನೆ ನನ್ನ ಕೈಯಿಂದ ಜಾರಿಸಿಬಿಡಬಹುದಾದದ್ದು.

ಕಳೆದ ವರ್ಷ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ದಿನ ನಡೆದದ್ದನ್ನು ಇಲ್ಲಿ ಹೇಳಬೇಕು. ಪಾಲಕರನ್ನು ಕರೆದು ಮಕ್ಕಳ ಪ್ರಗತಿ ತೋರಿಸುವ ದಿನ ಅದು. ಮೂರನೇ ತರಗತಿಯ ಒಬ್ಬ ಹುಡುಗಿಯ ತಾಯಿ ಕೂಲಿ ಬಿಟ್ಟು ಬಂದಿದ್ದಳು. ಹತ್ತಿಕಾಯಿಯ ಸಿಪ್ಪೆ ಗೀರಿ ಗೀರಿ ಬೆರಳ ತುದಿಗಳೆಲ್ಲ ಒರಟಾಗಿದ್ದವು. ನೋಟುಬುಕ್ಕು ಮುಟ್ಟುವ ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿದ ಬುಕ್ಕು. ಒಂದೊಂದೇ ಹಾಳೆ ತಿರುವಿದಳು. ಮುತ್ತು ಪೋಣಿಸಿದಂಥ ಅಕ್ಷರ, ಪ್ರತಿ ಪುಟದ ಕೆಳಗೂ ಕೆಂಪು ಗುರುತು. "ಎಲ್ಲ ಪುಟಕ್ಕೂ ಗೀಟು ಇದೆ" ಎಂದು ಪಕ್ಕದವಳಿಗೆ ತೋರಿಸಿದಳು.

ನಾನು ಪಠ್ಯಪುಸ್ತಕ ತೆರೆದು ಹುಡುಗಿಗೆ ಓದಲು ಹೇಳಿದೆ. ಮೊಲದ ಕತೆ ಇರುವ ಪಾಠ. ಹುಡುಗಿ ಪುಟದ ಮೇಲೆ ಬೆರಳಿಟ್ಟು ರಾಗವಾಗಿ ಶುರುಮಾಡಿದಳು. ಎಲ್ಲಿಯೂ ತಡವರಿಸಲಿಲ್ಲ. ನೆರೆದ ಹೆಂಗಸರೆಲ್ಲ ತಲೆದೂಗುತ್ತಿದ್ದರು. ತಾಯಿ ಮಾತ್ರ ಮಗಳ ಮುಖ ಬಿಟ್ಟು ಬೆರಳು ನೋಡುತ್ತಿದ್ದಳು. ಬೆರಳು ಸರಸರ ಜಾರಿ ಪುಟದ ತಳಕ್ಕೆ ಬಂದು ನಿಂತಿತು. ಕತೆ ಇನ್ನೂ ಅರ್ಧ ಬಾಕಿ ಇತ್ತು, ಬಾಯಿ ಓಡುತ್ತಲೇ ಇತ್ತು.

"ಗುರುಗಳೇ," ಎಂದಳು ತಾಯಿ, "ಬೆರಳು ಒಂದು ಕಡೆ ಇದೆ, ಬಾಯಿ ಒಂದು ಕಡೆ ಇದೆ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ತನ್ನ ಒರಟು ಬೆರಳನ್ನು ಪುಟದ ನಡುವಿನ ಒಂದು ಪದದ ಮೇಲೆ ಇಟ್ಟು "ಇದೇನೇ?" ಎಂದು ಕೇಳಿದಳು. ಹುಡುಗಿ ಚಿತ್ರ ನೋಡಿದಳು, ನನ್ನ ಮುಖ ನೋಡಿದಳು, "ಮೊಲ" ಎಂದಳು. ಅಲ್ಲಿ ಇದ್ದದ್ದು 'ಬಾವಿ'. ತಾಯಿಗೆ ಅದು ಬಾವಿಯೋ ಮೊಲವೋ ಗೊತ್ತಿರಲಿಲ್ಲ. ಮಗಳಿಗೂ ಗೊತ್ತಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಯಿತು. "ಹಾಗಾದರೆ ಈ ಕೆಂಪು ಗೀಟು ಯಾತಕ್ಕೆ?" ನೋಡಿದ್ದೇವೆ ಎಂಬುದರ ಗುರುತು ಎಂದೆ. "ನೋಡಿದ್ದಕ್ಕಾ? ಓದು ಬಂದಿದ್ದಕ್ಕೆ ಅಂದುಕೊಂಡಿದ್ದೆ ನಾನು." ಮಗಳಿಗೆ ಓದು ಬಂದಿದೆ ಎಂಬ ಗುರುತು ಎಂದು ಆಕೆ ಇಷ್ಟು ದಿನ ನಂಬಿದ್ದಳು.

ಹಳ್ಳಿಗಳ ಮಕ್ಕಳ ಓದನ್ನು ಅಳೆಯಲು ಅಸರ್ ಸ್ವಯಂಸೇವಕರು ಮನೆ ಮನೆಗೆ ಒಂದು ಹಾಳೆ ಹಿಡಿದು ಹೋಗುತ್ತಾರೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ಮಗು ಎಲ್ಲಿ ನಿಲ್ಲುತ್ತದೋ ಅದು ಅದರ ಮಟ್ಟ. 2005ರಿಂದ ನಡೆದುಬಂದ ಆ ಪರೀಕ್ಷೆಯ ತಿರುಳನ್ನು ಈ ತಾಯಿ ನನ್ನ ಕಣ್ಣೆದುರು ಯಾರ ತರಬೇತಿಯೂ ಇಲ್ಲದೆ ಮಾಡಿ ತೋರಿಸಿದಳು. ಓದು ಬಂದಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಓದು ಬರಬೇಕಾಗಿಲ್ಲ ಎಂಬುದು ನನಗೆ ಅಲ್ಲಿ ಸ್ಪಷ್ಟವಾಯಿತು. ಎಲ್ಲಿ ನೋಡಬೇಕು ಎಂಬುದನ್ನು ಯಾರಾದರೂ ಹೇಳಿರಬೇಕು, ಇಲ್ಲವೇ ಆಕೆಯಷ್ಟು ಚುರುಕು ಕಣ್ಣಿರಬೇಕು. ನಾವು ಶಾಲೆಯವರು ಇಷ್ಟು ವರ್ಷ ಪಾಲಕರಿಗೆ ತೋರಿಸುತ್ತ ಬಂದಿರುವುದು ನೋಟುಬುಕ್ಕನ್ನು. ಬರಹ ಎಂದರೆ ಓದು ಎಂದು ಅವರು ನಂಬಿದರೆ ಅದರಲ್ಲಿ ಅವರ ತಪ್ಪೇನು?

ನಕಲು ಬರಹ ನಮ್ಮ ಶಾಲೆಗಳ ದೊಡ್ಡ ರೋಗ. ಹಲಗೆಯ ಮೇಲೆ ಬರೆದದ್ದನ್ನು ಚಿತ್ರ ಬಿಡಿಸಿದಂತೆ ನೋಡಿ ಇಳಿಸುವ ಮಕ್ಕಳು ಪ್ರತಿ ಶಾಲೆಯಲ್ಲಿದ್ದಾರೆ. ಪ್ರಶ್ನೋತ್ತರ, ಬಿಟ್ಟ ಸ್ಥಳ, ಹೊಂದಿಸಿ ಬರೆಯಿರಿ, ಎಲ್ಲ ಅಚ್ಚುಕಟ್ಟು. ತಪಾಸಣೆಗೆ ಬಂದವರು ನೋಡುವುದೂ ಅದನ್ನೇ, ಪುಟ ತುಂಬಿದೆಯೇ, ಸಹಿ ಇದೆಯೇ ಎಂದು. ಓದಿದ ಪಾಲಕರಿರುವ ಮನೆಯಲ್ಲಿ ಈ ನಾಟಕ ಬಹಳ ದಿನ ನಡೆಯುವುದಿಲ್ಲ. ಉಳಿದ ಮನೆಗಳಲ್ಲಿ ನಾಲ್ಕೈದು ವರ್ಷ ಸಲೀಸಾಗಿ ನಡೆಯುತ್ತದೆ. ಪಾಲಕರ ಓದಿನಿಂದ ಮಗುವಿನ ಕಲಿಕೆಗೆ ಬೀಳುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದೇ ಎಂದು ನನ್ನ ಅನಿಸಿಕೆ. ಕಲಿಕೆ ನಿಂತುಹೋದದ್ದು ಒಂದು ಮನೆಗೆ ಒಂದು ವಾರದಲ್ಲಿ ತಿಳಿಯುತ್ತದೆ, ಇನ್ನೊಂದು ಮನೆಗೆ ಹತ್ತನೆಯ ಫಲಿತಾಂಶದ ದಿನ ತಿಳಿಯುತ್ತದೆ.

ಕಲಿಕೆ ಕಣ್ಣಿಗೆ ಕಾಣದಿದ್ದಾಗ ಮನುಷ್ಯ ಕಾಣುವುದನ್ನು ನೋಡುತ್ತಾನೆ. ಟೈ ಕಾಣುತ್ತದೆ, ಬೂಟು ಕಾಣುತ್ತದೆ, ಮನೆ ಬಾಗಿಲಿಗೆ ಬರುವ ಹಳದಿ ವ್ಯಾನು ಕಾಣುತ್ತದೆ. ಎರಡು ಎಕರೆ ತೊಗರಿ ಬೆಳೆಯುವವನು ಸಾಲ ಮಾಡಿ ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವುದು ದಡ್ಡತನದಿಂದ ಎಂದು ನಮ್ಮ ಸಹೋದ್ಯೋಗಿಗಳು ನಗುತ್ತಾರೆ. (ನಗುವವರ ಮಕ್ಕಳು ಓದುವುದೂ ಅಲ್ಲಿಯೇ, ಅದು ಬೇರೆ ಮಾತು.) ಸರ್ಕಾರಿ ಶಾಲೆ ತನ್ನಲ್ಲಿ ನಡೆಯುವ ಕಲಿಕೆಯನ್ನು ಆ ರೈತನಿಗೆ ತೋರಿಸಿದ್ದರೆ ಆತ ಹೋಲಿಸಿ ನೋಡುತ್ತಿದ್ದ. ತೋರಿಸಲಿಲ್ಲ. ಆತ ವ್ಯಾನು ನೋಡಿದ.

ಈ ವಿಷಯದ ಮೇಲೆ ಜಗತ್ತಿನಲ್ಲಿ ಸಾಕಷ್ಟು ಅಧ್ಯಯನವಾಗಿದೆ. 1966ರಲ್ಲಿ ಅಮೆರಿಕದ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಶಾಲೆಯ ಕಟ್ಟಡ ಸೌಕರ್ಯಗಳಿಗಿಂತ ಮನೆಯ ಹಿನ್ನೆಲೆಯೇ ಮಕ್ಕಳ ಅಂಕಗಳನ್ನು ಹೆಚ್ಚು ನಿರ್ಧರಿಸುತ್ತದೆ ಎಂದು ವರದಿ ಕೊಟ್ಟರು. ನಮ್ಮ ಶಿಕ್ಷಕರ ಕೊಠಡಿಯ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎನ್ನಬಹುದು. ಆದರೆ 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್‌ಲಿ ಎಂಬ ಇಬ್ಬರು 29 ದೇಶಗಳ ಅಂಕಿಅಂಶ ಇಟ್ಟುಕೊಂಡು ನೋಡಿದಾಗ ಬೇರೆಯೇ ಚಿತ್ರ ಕಂಡಿತು. ದೇಶ ಬಡವಾದಷ್ಟೂ ಮನೆಯ ಪ್ರಭಾವ ಕಡಿಮೆ, ಶಾಲೆಯ ಮತ್ತು ಶಿಕ್ಷಕರ ಪ್ರಭಾವ ಹೆಚ್ಚು. ಮುಂದಿನ ಅಧ್ಯಯನಗಳು ಇದನ್ನು ಪ್ರಶ್ನಿಸಿದ್ದೂ ಉಂಟು. ಆದರೂ ನನ್ನಂಥವನಿಗೆ ಅದು ಹತ್ತಿರದ ಮಾತು. ಮನೆಯಲ್ಲಿ ಪುಸ್ತಕವೇ ಇಲ್ಲದ ಊರಿನಲ್ಲಿ ಮಗು ಅಕ್ಷರ ಕಾಣುವುದೇ ಶಾಲೆಯಲ್ಲಿ. ಅಲ್ಲಿ ಸಿಕ್ಕಿದ್ದೇ ಸಿಕ್ಕಿತು.

ಓದಿದವರ ಮನೆಯಲ್ಲಿ ಓದು ಮಾತ್ರ ಇರುವುದಿಲ್ಲ, ದುಡ್ಡೂ ಇರುತ್ತದೆ, ಹೊಲವೂ ಇರುತ್ತದೆ, ಪಟ್ಟಣದಲ್ಲಿ ಒಬ್ಬ ಸೋದರಮಾವನೂ ಇರುತ್ತಾನೆ. ಇದರಲ್ಲಿ ಮಗುವಿಗೆ ದಕ್ಕಿದ್ದು ಯಾವುದರಿಂದ? ಇದನ್ನು ಬಿಡಿಸಿ ನೋಡಲು ನಾರ್ವೆ ದೇಶ ಒಂದು ಅವಕಾಶ ಕೊಟ್ಟಿತು. ಅಲ್ಲಿ 1960ರ ದಶಕದ ಸುತ್ತಮುತ್ತ ಕಡ್ಡಾಯ ಶಿಕ್ಷಣವನ್ನು ಏಳು ವರ್ಷದಿಂದ ಒಂಬತ್ತಕ್ಕೆ ಏರಿಸಿದರು, ಒಂದೊಂದು ಊರಿನಲ್ಲಿ ಒಂದೊಂದು ವರ್ಷ ಜಾರಿಯಾಯಿತು. ಕಾನೂನಿನಿಂದಾಗಿ ಎರಡು ವರ್ಷ ಹೆಚ್ಚು ಓದಿದ ತಂದೆ ತಾಯಿಯರ ಮಕ್ಕಳು ಹೆಚ್ಚು ಓದಿದರೇ ಎಂದು ಅರ್ಥಶಾಸ್ತ್ರಜ್ಞರು ಹುಡುಕಿದರು. ತಾಯಿಯಿಂದ ಗಂಡುಮಕ್ಕಳಿಗೆ ದಾಟಿದ ಒಂದಿಷ್ಟನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. 2005ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಹಿಡಿದು ಪಾಲಕರ ಓದಿಗೆ ಬೆಲೆಯಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಏಳರಿಂದ ಒಂಬತ್ತಕ್ಕೆ ಏರುವುದು ಬೇರೆ, ಸೊನ್ನೆಯಿಂದ ಐದಕ್ಕೆ ಏರುವುದು ಬೇರೆ. ಬಸ್ಸಿನ ಬೋರ್ಡು ಓದಬಲ್ಲ ತಾಯಿಗೂ ಓದಲಾರದ ತಾಯಿಗೂ ಇರುವ ದೂರ ನಾರ್ವೆಯ ಲೆಕ್ಕದಲ್ಲಿ ಬರುವುದಿಲ್ಲ.

ನಮಗೆ ಹೆಚ್ಚು ಹೊಂದುವುದು ಬಿಹಾರ ಮತ್ತು ರಾಜಸ್ಥಾನದ 480 ಹಳ್ಳಿಗಳಲ್ಲಿ ನಡೆದ ಪ್ರಯೋಗ. 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೆಲವು ಹಳ್ಳಿಗಳಲ್ಲಿ ತಾಯಂದಿರಿಗೆ ಅಕ್ಷರ ಮತ್ತು ಲೆಕ್ಕದ ತರಗತಿ ನಡೆಸಿದರು. ಕೆಲವು ಹಳ್ಳಿಗಳಲ್ಲಿ ತರಗತಿ ಇಲ್ಲ, ಮಗುವಿನ ಜೊತೆ ಮನೆಯಲ್ಲೇ ಮಾಡುವ ಸಣ್ಣ ಸಣ್ಣ ಚಟುವಟಿಕೆಗಳ ಹಾಳೆ ಕೊಟ್ಟು ಮಾಡುವ ಬಗೆ ತೋರಿಸಿದರು. ಇನ್ನು ಕೆಲವೆಡೆ ಎರಡೂ. ಎಲ್ಲ ಕಡೆ ತಾಯಂದಿರು ಒಂದಿಷ್ಟು ಕಲಿತರು, ಮಕ್ಕಳ ಓದಿನಲ್ಲಿ ತೊಡಗಿಕೊಂಡರು, ಮಕ್ಕಳ ಗಣಿತ ಸ್ವಲ್ಪ ಸುಧಾರಿಸಿತು. ಸ್ವಲ್ಪವೇ, ಪವಾಡವೇನೂ ನಡೆಯಲಿಲ್ಲ. ತಾಯಿಗೆ ಅಕ್ಷರ ಕಲಿಸಿಬಿಟ್ಟರೆ ಮಗುವಿನ ಸಮಸ್ಯೆ ಮುಗಿಯಿತು ಎಂದುಕೊಂಡವರು ಇದನ್ನು ಓದಬೇಕು. ಓದದ ತಾಯಿಯಿಂದ ಏನೂ ಆಗದು ಎಂದುಕೊಂಡವರೂ ಓದಬೇಕು.

ಶಾಲೆ ತನ್ನ ಕೆಲಸವನ್ನು ಮನೆಗೆ ದಾಟಿಸುವ ಚಾಳಿ ಒಂದಿದೆ. ಪಟ್ಟಣದ ಶಾಲೆಗಳಲ್ಲಿ ಅದು ಎದ್ದು ಕಾಣುತ್ತದೆ. ಕಲಬುರಗಿಯಲ್ಲಿರುವ ನನ್ನ ತಂಗಿಯ ಮಗನಿಗೆ ಎರಡನೇ ತರಗತಿಯಲ್ಲಿ ಕೋಟೆಯ ಮಾದರಿ ಮಾಡಿಕೊಂಡು ಬರಲು ಹೇಳಿದ್ದರು. ರಾತ್ರಿ ಹನ್ನೊಂದರವರೆಗೆ ಥರ್ಮಾಕೋಲು ಕತ್ತರಿಸಿದವಳು ತಂಗಿ, ಬಣ್ಣ ಹಚ್ಚಿದವರು ಭಾವ. ಹುಡುಗ ನಿದ್ದೆ ಮಾಡಿದ, ಬೆಳಗ್ಗೆ ಎದ್ದು ಬಹುಮಾನ ತಂದ. ಆ ತರಗತಿಯಲ್ಲಿ ಗಾರೆ ಕೆಲಸದವರ ಮಗ ಒಬ್ಬನಿದ್ದನಂತೆ, ಬರಿಗೈಯಲ್ಲಿ ಬಂದು ಮೂಲೆಯಲ್ಲಿ ನಿಂತನಂತೆ. ಅಲ್ಲಿ ಅಂಕ ಬಿದ್ದದ್ದು ಯಾರ ಓದಿಗೆ? ಹಳ್ಳಿಯಲ್ಲಿ ನಮ್ಮ ಮನೆಗೆಲಸ ಅಷ್ಟು ಶ್ರೀಮಂತವಾಗಿಲ್ಲ, ಆದರೆ ಬಗೆ ಅದೇ. "ಮನೆಯಲ್ಲಿ ಕಲಿತುಕೊಂಡು ಬಾ" ಎಂದು ಹೇಳುವಾಗ ಆ ಮನೆಯಲ್ಲಿ ಯಾರಿದ್ದಾರೆ ಎಂದು ನಾವು ಯೋಚಿಸುವುದಿಲ್ಲ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ, ಅಮ್ಮ ಕತ್ತಲಾದ ಮೇಲೆ ಬರುತ್ತಾಳೆ, ಮನೆಯಲ್ಲಿರುವುದು ಅಜ್ಜಿ ಮತ್ತು ಕೈಗೂಸು. ತಾಂಡಾದ ಮಗುವಾದರೆ ಅಲ್ಲಿನ ಮಾತು ಲಂಬಾಣಿ, ಗುರುಮಠಕಲ್ ಕಡೆಯಾದರೆ ತೆಲುಗು, ಔರಾದ್ ಭಾಲ್ಕಿ ಕಡೆಯಾದರೆ ಮರಾಠಿ. ಕನ್ನಡದ ಪಾಠ ಮನೆಯಲ್ಲಿ ಕಲಿಸುವವರು ಯಾರು? ಕೋವಿಡ್ ಕಾಲದಲ್ಲಿ ಒಂದೂವರೆ ವರ್ಷ ಸಣ್ಣ ಮಕ್ಕಳಿಗೆ ಶಾಲೆಯೇ ಇಲ್ಲದಾಗ ಈ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾವದನ್ನು ಬೇಗ ಮರೆತೆವು.

ಇನ್ನು ಓದದ ಮನೆ ಖಾಲಿ ಮನೆ ಎಂಬ ಭಾವನೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆ ಹತ್ತಿ, ಭತ್ತ, ಮೆಣಸಿನಕಾಯಿ ಜೋರು. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ತೂಕದ ಹೊತ್ತಿಗೆ ಹೊಲದ ಬದುವಿನಲ್ಲಿ ನಿಂತು ನೋಡಬೇಕು. ಗಂಟು ತಕ್ಕಡಿಗೆ ಏರುತ್ತದೆ, ಮೂವತ್ತೇಳು ಕಿಲೋ ಎನ್ನುತ್ತಾನೆ ಮಾಲೀಕ, ಕಿಲೋಗೆ ಹನ್ನೆರಡು. ಅಕ್ಷರ ಬಾರದ ಹೆಂಗಸು ಕಣ್ಣು ಮಿಟುಕಿಸುವುದರಲ್ಲಿ "ನಾನೂರ ನಲವತ್ತನಾಲ್ಕು" ಎನ್ನುತ್ತಾಳೆ. ಹೇಗೆ ಎಂದು ಒಬ್ಬಳನ್ನು ಕೇಳಿದ್ದೆ. ಮೂವತ್ತೇಳು ಹತ್ತಲಿ ಮುನ್ನೂರ ಎಪ್ಪತ್ತು, ಮೇಲೆ ಮೂವತ್ತೇಳರ ಎರಡು ಪಟ್ಟು ಎಪ್ಪತ್ತನಾಲ್ಕು, ಕೂಡಿಸಿದರೆ ಮುಗಿಯಿತು ಎಂದಳು. ಗುಣಾಕಾರವನ್ನು ಬಿಡಿಸಿ ಮಾಡುವ ಈ ಕ್ರಮವನ್ನೇ ನಾವು ನಾಲ್ಕನೇ ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಬೆವರುತ್ತೇವೆ. ಆಕೆಯ ಮಗ ಅದೇ ತರಗತಿಯಲ್ಲಿ ಕೂತು 37 ಗುಣಿಸು 12 ಎಂದರೆ ಹಲ್ಲು ಕಚ್ಚುತ್ತಾನೆ. ಮನೆಯ ಲೆಕ್ಕವೂ ಶಾಲೆಯ ಲೆಕ್ಕವೂ ಒಂದೇ ಎಂದು ಅವನಿಗೆ ಹೇಳುವವರಿಲ್ಲ. ಓದಿದ ತಾಯಿಯಾಗಿದ್ದರೆ ಅವಳೇ ಹೇಳುತ್ತಿದ್ದಳು. ಇಲ್ಲಿ ಅದನ್ನು ಹೇಳಬೇಕಾದವನು ನಾನು.

ಹಾಗಾಗಿ ಈಗ ನಮ್ಮ ಕೋಣೆಯಲ್ಲಿ ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ಹತ್ತಿ ತೂಕದ ಚೀಟಿ ಮನೆಯಲ್ಲಿದ್ದರೆ ಮಕ್ಕಳು ತರುತ್ತಾರೆ, ಲೆಕ್ಕ ಅಲ್ಲಿಂದಲೇ ಶುರು. ಪಾಲಕರ ಸಭೆಯಲ್ಲಿ ನೋಟುಬುಕ್ಕು ಹಂಚುವುದನ್ನು ನಿಲ್ಲಿಸಿದೆ. ಮಗು ಪಾಲಕರ ಎದುರು ಕೂತು ಓದುತ್ತದೆ, ಅವರು ಬೆರಳು ನೋಡುತ್ತಾರೆ. ನಡುವಿನ ಒಂದು ಪದ ಮುಟ್ಟಿ ಕೇಳಿರಿ, ಚಿತ್ರವನ್ನು ಅಂಗೈಯಿಂದ ಮುಚ್ಚಿ ಓದಿಸಿರಿ, ಬಿಸ್ಕೀಟಿನ ಪೊಟ್ಟಣವೋ ಗೋಡೆಯ ಬರಹವೋ ಕಂಡಾಗ ಓದು ಎನ್ನಿರಿ ಎಂದು ಹೇಳಿಕೊಟ್ಟಿದ್ದೇನೆ. ಮೊದಲ ಸಲ ಹೆಂಗಸರು ನಾಚಿಕೊಂಡರು. ಎರಡನೇ ಸಭೆಯಲ್ಲಿ ಒಬ್ಬ ಅಜ್ಜಿ ಪುಸ್ತಕ ತೆಗೆದುಕೊಂಡು ಮೊಮ್ಮಗನಿಗೆ ಕೆಳಗಿನಿಂದ ಮೇಲಕ್ಕೆ ಪದ ಮುಟ್ಟಿ ಮುಟ್ಟಿ ಕೇಳಿದ ರೀತಿಗೆ ನಾನೇ ಬೆಚ್ಚಿದೆ. ಅಂಥ ಪರೀಕ್ಷಕರು ನಮ್ಮ ಇಲಾಖೆಯಲ್ಲಿ ಕಡಿಮೆ.

ಇದರಿಂದ ಎಲ್ಲ ಸರಿಹೋಗಿದೆ ಎಂದರೆ ಸುಳ್ಳಾಗುತ್ತದೆ. ದೀಪಾವಳಿ ಕಳೆದು ಹತ್ತಿ ಒಡೆಯಿತೆಂದರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಸಾಲು ಉದ್ದವಾಗುತ್ತದೆ. ಬೆರಳು ನೋಡಿ ಮಗಳ ಓದು ಹಿಡಿದ ಆ ತಾಯಿಯೇ ಎರಡು ವಾರ ಮಗಳನ್ನು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಬಿಟ್ಟಳು. ಕೇಳಲು ಹೋದಾಗ "ಕೂಸನ್ನು ಹೊಲದಲ್ಲಿ ಬಿಸಿಲಿಗೆ ಹಾಕಲಾ ಗುರುಗಳೇ?" ಎಂದಳು. ಅಂಗನವಾಡಿ ನಾಲ್ಕಕ್ಕೆ ಮುಚ್ಚುತ್ತದೆ, ಹತ್ತಿಯ ತೂಕ ಆರಕ್ಕೆ ಆಗುತ್ತದೆ. ಹುಡುಗಿ ಮರಳಿ ಬಂದ ಮೇಲೆ ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಅವಳನ್ನು ಬೇರೆ ಕೂರಿಸಿಕೊಂಡು ಮೂರಕ್ಷರದ ಪದಗಳಿಂದ ಮತ್ತೆ ಶುರುಮಾಡಿದೆ. ಈಗ ನಿಧಾನವಾಗಿ ಓದುತ್ತಾಳೆ, ರಾಗ ಹೋಗಿದೆ.

ಸಭೆಯ ಈ ಹೊಸ ಕ್ರಮ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಹಿಡಿಸಿಲ್ಲ. "ನಾವೇ ನಮ್ಮ ತಲೆಯ ಮೇಲೆ ಚಪ್ಪಡಿ ಎಳೆದುಕೊಂಡಂತಾಯಿತು ಮಾರಾಯರೇ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನೇರವಾಗಿಯೇ ಹೇಳಿದರು. "ಒಬ್ಬೊಬ್ಬರೂ ಬಂದು ಕೇಳಲು ಶುರುಮಾಡಿದರೆ ಉತ್ತರ ಕೊಡುವವರು ಯಾರು? ಮೂರು ತರಗತಿ, ಒಬ್ಬ ಶಿಕ್ಷಕ." ಅವರ ಮಾತಿನಲ್ಲಿ ಹುರುಳಿದೆ. ನಮ್ಮಲ್ಲಿ ಎಷ್ಟೋ ಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿವೆ. ಆದರೆ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅವರು ಇಲ್ಲಿಯವರೆಗೆ ಬಂದು ಠರಾವು ಪುಸ್ತಕದಲ್ಲಿ ಸಹಿ ಮಾಡಿ, ಕೆಲವರು ಹೆಬ್ಬೆಟ್ಟು ಒತ್ತಿ, ಚಹಾ ಕುಡಿದು ಹೋಗುತ್ತಿದ್ದರು. ಕಾಂಪೌಂಡಿನ ಬಗ್ಗೆ, ಮೊಟ್ಟೆಯ ಬಗ್ಗೆ ಕೇಳುತ್ತಿದ್ದರು, ಏಕೆಂದರೆ ಅವು ಕಣ್ಣಿಗೆ ಕಾಣುವಂಥವು. ಓದಿನ ಬಗ್ಗೆ ಕೇಳಲಿ ಬಿಡಿ ಎಂದೆ.

ಈ ವರ್ಷ ಇಬ್ಬರು ಬಂದು ಕೇಳಿದ್ದಾರೆ. ಒಬ್ಬಳ ಮಗಳಿಗೆ ಕಣ್ಣಿನ ತೊಂದರೆ ಎಂದು ಗೊತ್ತಾಗಿ ಕನ್ನಡಕ ಬಂತು. ಇನ್ನೊಬ್ಬನ ಮಗ ನಾಲ್ಕನೇ ತರಗತಿಗೆ ಹೋಗಿಯಾಗಿದೆ, ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತಾನೆ. ಅಪ್ಪನದು ಒಂದೇ ಪ್ರಶ್ನೆ, ಓದಲು ಬಾರದವನನ್ನು ಮೇಲಿನ ತರಗತಿಗೆ ಏಕೆ ಕಳಿಸಿದಿರಿ ಎಂದು. ಹಿರಿಯ ಸಹೋದ್ಯೋಗಿ ನನ್ನ ಕಡೆ ನೋಡಿದರು. ಹುಡುಗನನ್ನು ದಿನಕ್ಕೆ ಒಂದು ಅವಧಿ ನನ್ನ ಕೋಣೆಗೆ ಕಳಿಸಿ ಎಂದು ಮುಖ್ಯ ಗುರುಗಳನ್ನು ಕೇಳಿದ್ದೇನೆ. ವೇಳಾಪಟ್ಟಿಯಲ್ಲಿ ಜಾಗ ಹುಡುಕುತ್ತಿದ್ದಾರೆ.